ಬೀಸುವ ಗಾಳಿ ಮತ್ತು ಬೀಸುವ ಕಲ್ಲು

ಕನ್ನಡದ ‘ಬೀಸು’ ಎಂಬ ಧಾತುವಿಗೆ ಅರ್ಥಗಳು ಹಲವು. ಗಾಳಿ ಬೀಸುತ್ತದೆ, ಬೆಸ್ತನು ಬಲೆ ಬೀಸುತ್ತಾನೆ, ಮನೆಯೊಡತಿಯು ಹಿಟ್ಟು ಬೀಸುತ್ತಾಳೆ. ಗಾಳಿಯನ್ನು ಹುಟ್ಟಿಸುವ ಉಪಕರಣಕ್ಕೆ ಬೀಸಣಿಗೆಯೆಂದೂ ಕಾಳನ್ನು ಹಿಟ್ಟು ಮಾಡುವ ಉಪಕರಣಕ್ಕೆ ಬೀಸುವ ಕಲ್ಲೆಂದೂ ಹೆಸರು. ಇವೆಲ್ಲವೂ ಒಂದೇ ಮೂಲದಿಂದ ಬಂದವೋ, ಬೇರೆ ಬೇರೆ ಧಾತುಗಳು ಕಾಲಾಂತರದಲ್ಲಿ ಒಂದೇ ರೂಪವನ್ನು ತಾಳಿದವೋ ಎಂಬ ವಿಚಾರವನ್ನು ವೈಯಾಕರಣರಿಗೆ ಬಿಡಬಹುದು. ಇತಿಹಾಸದ ದೃಷ್ಟಿಯಿಂದ ವಿಚಾರಾರ್ಹವಾದ ಸಂಗತಿಯು ಬೇರೆಯಾಗಿದೆ. ಗಾಳಿಗೂ ಕಲ್ಲಿಗೂ ಒಂದೇ ಕ್ರಿಯಾಪದವನ್ನು ಕೊಟ್ಟ ಈ ನಾಡಿನವರು ಗಾಳಿಯಿಂದ ಕಲ್ಲನ್ನು ತಿರುಗಿಸುವ ಗೋಜಿಗೆ ಹೋದಂತೆ ಕಾಣುವದಿಲ್ಲ. ಪಶ್ಚಿಮದ ದೇಶಗಳಲ್ಲಿ ಊರ ಹೊರಗಿನ ದಿನ್ನೆಗಳ ಮೇಲೆ ಗಾಳಿಗಿರಣಿಗಳು ತಿರುಗುತ್ತಿದ್ದ ಶತಮಾನಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಕಲ್ಲನ್ನು ತಿರುಗಿಸಿದ್ದು ಹೆಣ್ಣುಮಕ್ಕಳ ಕೈ. ಹಾಗಾಗಲು ಕಾರಣವೇನು, ಆ ಕೈಗೆ ವಿಶ್ರಾಂತಿ ದೊರೆತದ್ದು ಯಾವಾಗ ಎಂಬುದನ್ನು ಇಲ್ಲಿ ನಿರೂಪಿಸಲಾಗಿದೆ.

ಗಾಳಿಯಿಂದ ಹಿಟ್ಟು ಬೀಸುವ ವಿದ್ಯೆಯು ಮೊದಲು ಪ್ರಸಿದ್ಧಿಗೆ ಬಂದದ್ದು ಪಾರಸಿಕ ದೇಶದ ಪೂರ್ವದಂಚಿನ ಸೀಸ್ತಾನ ಪ್ರಾಂತದಲ್ಲಿ. ಹತ್ತನೆಯ ಶತಮಾನದ ಅರಬೀ ಭೂಗೋಳಕಾರರು ಅದನ್ನು ಉಲ್ಲೇಖಿಸಿದ್ದಾರೆ. ಅಲ್ಲಿ ಬೇಸಿಗೆಯ ಕಾಲಕ್ಕೆ ಉತ್ತರದ ಕಡೆಯಿಂದ ಏಳುವ ಗಾಳಿಗೆ ‘ನೂರಿಪ್ಪತ್ತು ದಿನದ ಗಾಳಿ’ ಎಂದೇ ಹೆಸರು. ಎತ್ತರವಾದ ಮಣ್ಣಿನ ಗೋಡೆಗಳ ನಡುವೆ ಒಂದು ಕಂಬವನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಸುತ್ತಲೂ ಜೊಂಡಿನ ಅಥವಾ ಹಲಿಗೆಯ ರೆಕ್ಕೆಗಳನ್ನು ಕಟ್ಟಿ, ಗೋಡೆಯ ಸೀಳಿನೊಳಗಿಂದ ಗಾಳಿಯು ಒಂದೇ ಮಗ್ಗುಲಿಗೆ ಬಡಿಯುವಂತೆ ಮಾಡುವರು. ಕಂಬವು ತಿರುಗಿದಂತೆ ಅದರ ಬುಡದಲ್ಲಿ ಜೋಡಿಸಿದ ಕಲ್ಲೂ ತಿರುಗುವದು. ಖೊರಾಸಾನದ ನಷ್ತಿಫಾನ ಎಂಬ ಊರಿನಲ್ಲಿ ಈ ಜಾತಿಯ ಗಿರಣಿಗಳು ಇಂದಿಗೂ ನಿಂತಿವೆ. ಅಲ್ಲಿಯ ಗೋದಿಯು ಬೇಸಿಗೆಯ ಮೊದಲಲ್ಲಿ ಕೈಗೆ ಬರುವದು. ಕೂಡಲೆ ಗಾಳಿಯೂ ಏಳುವದು. ಬೆಳೆಯೂ ಬಲವೂ ಒಂದೇ ಋತುವಿನಲ್ಲಿ ಕೂಡಿಬಂದ ಈ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಯುರೋಪಖಂಡದಲ್ಲಿ ಗಾಳಿಗಿರಣಿಯು ಕಾಣಿಸಿಕೊಂಡದ್ದು ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ, ಅರ್ಥಾತ್ ಕಲ್ಯಾಣದ ಶರಣರ ಕಾಲಕ್ಕೆ ತೀರ ಹತ್ತಿರದಲ್ಲಿ. ಅಲ್ಲಿ ಗಾಳಿಗೆ ಒಂದೇ ದಿಕ್ಕೆಂಬುದಿಲ್ಲ. ಆದುದರಿಂದ ಇಡೀ ಗಿರಣಿಯ ಮನೆಯನ್ನೇ ಒಂದು ದಪ್ಪ ತೊಲೆಯ ಮೇಲೆ ಕೂಡಿಸಿ, ಗಾಳಿ ಬಂದ ಕಡೆಗೆ ಅದನ್ನು ಹೊರಳಿಸುತ್ತಿದ್ದರು. ಈ ಗಿರಣಿಗಳ ಇತಿಹಾಸದಲ್ಲಿ ಎರಡು ಪ್ರಸಂಗಗಳು ಮಠಕ್ಕೆ ನಡೆದುಕೊಳ್ಳುವವರು ತಿಳಿಯತಕ್ಕಂಥವು. ಏಕೆಂದರೆ ಎರಡೂ ಮಠಗಳಲ್ಲಿಯೇ ನಡೆದವು.

1191ನೆಯ ಇಸವಿಯಲ್ಲಿ ಇಂಗ್ಲಂಡದ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಹರ್ಬರ್ಟನೆಂಬ ವೃದ್ಧ ಧರ್ಮಾಧಿಕಾರಿಯು ತನ್ನ ಹೊಲದಲ್ಲಿ ಗಾಳಿಗಿರಣಿಯೊಂದನ್ನು ಕಟ್ಟಿಸಿದನು. ಆ ಊರಿನ ಕ್ರೈಸ್ತ ಮಠಕ್ಕೆ ಸ್ಯಾಮ್ಸನನೆಂಬುವನು ಅಧಿಪತಿ. ಸುತ್ತಲಿನವರು ಮಠದ ಗಿರಣಿಗೇ ಬಂದು, ಬೀಸಿದ್ದಕ್ಕೆ ಪಾಲು ಕೊಟ್ಟುಹೋಗಬೇಕೆಂಬುದು ಆಗಿನ ಕಟ್ಟು. ಸುದ್ದಿಯನ್ನು ಕೇಳಿ ಸ್ಯಾಮ್ಸನನು ಕೋಪಾವಿಷ್ಟನಾಗಿ, ಬಡಿಗರನ್ನು ಕಳುಹಿಸಿ ಗಿರಣಿಯನ್ನು ಕೀಳಿಸಲು ಅಪ್ಪಣೆಮಾಡಿದನು. ಹರ್ಬರ್ಟನು ಗಾಬರಿಯಿಂದ ಓಡಿಬಂದು, ಗಾಳಿಯ ಪ್ರಯೋಜನವು ಯಾರಿಗೂ ತಪ್ಪಬಾರದೆಂದೂ ತಾನು ತನ್ನ ಕಾಳನ್ನಷ್ಟೇ ಬೀಸಿಕೊಳ್ಳುವೆನೆಂದೂ ಬಿನ್ನವಿಸಿದನು. ಊರವರು ನಿನ್ನಲ್ಲಿಗೆ ಬಂದರೆ ಮಠದ ಗಿರಣಿಯ ಗತಿಯೇನೆಂಬುದು ಅಧಿಪತಿಯ ಉತ್ತರ. ಕಡೆಗೆ ಮಠದ ಆಳುಗಳು ಹೊಲಕ್ಕೆ ಬರುವಷ್ಟರಲ್ಲಿ ಹರ್ಬರ್ಟನು ತಾನೇ ಗಿರಣಿಯನ್ನು ಕಿತ್ತು ಹಾಕಿದ್ದನು. ಈ ವೃತ್ತಾಂತವನ್ನು ಬರೆದಿಟ್ಟವನು ಅದೇ ಮಠದ ಸನ್ಯಾಸಿಯಾದ ಜೋಸಲಿನನು. ಗುರುವಿನ ಮೇಲೆ ಅವನಿಗೆ ಭಕ್ತಿಯು ಕಡಿಮೆಯಿರಲಿಲ್ಲ. ಆದರೂ ಮುದುಕನ ಮಾತನ್ನು ಮರೆಮಾಚದೆ ದಾಖಲೆಮಾಡಿದ್ದು ಶ್ಲಾಘ್ಯವಾದುದು.

ಎರಡನೆಯದು ಸೇಂಟ್ ಆಲ್ಬನ್ಸ್ ಮಠದ ಪ್ರಸಂಗ. ಅಲ್ಲಿಯ ಜನರು ಮಠದ ಗಿರಣಿಗೆ ಹೋಗಲೊಲ್ಲದೆ ಮನೆಯಲ್ಲಿಯೇ ಕೈಕಲ್ಲಿನಿಂದ ಬೀಸಿಕೊಳ್ಳುತ್ತಿದ್ದರು. ಹದಿನಾಲ್ಕನೆಯ ಶತಮಾನದ ಪೂರ್ವಾರ್ಧದಲ್ಲಿ ಅಧಿಪತಿಯಾಗಿದ್ದ ವಾಲಿಂಗಫರ್ಡದ ರಿಚರ್ಡನು ಗಣಿತದಲ್ಲಿಯೂ ಗಡಿಯಾರದ ರಚನೆಯಲ್ಲಿಯೂ ಅಸಾಧಾರಣ ಪಂಡಿತ. ಆತನು ಊರವರ ಕೈಕಲ್ಲುಗಳನ್ನೆಲ್ಲ ಕಸಿದುಕೊಂಡು, ತನ್ನ ಮಠದ ಪಡಸಾಲೆಗೆ ನೆಲಹಾಸಾಗಿ ಹಾಕಿಸಿದನು. 1381ರಲ್ಲಿ ರೈತರ ದಂಗೆಯೆದ್ದಾಗ ಜನರು ಒಳನುಗ್ಗಿ ಆ ನೆಲವನ್ನು ಕಿತ್ತು, ಕಲ್ಲುಗಳನ್ನು ಒಡೆದು, ಚೂರುಗಳನ್ನು ಪ್ರಸಾದದಂತೆ ಹಂಚಿಕೊಂಡು ಮನೆಗೆ ಒಯ್ದರು. ಸುಮಾರು ಅರ್ಧ ಶತಮಾನದ ಮೇಲೆಯೂ ಆ ಸಿಟ್ಟು ಆರಿರಲಿಲ್ಲ.

ಈಗ ಕೃಷ್ಣಾತೀರಕ್ಕೆ ಬರಬಹುದು. ಈ ಸೀಮೆಯಲ್ಲಿ ಗಾಳಿಯ ಬಲವು ಕಡಿಮೆಯೆಂದು ಯಾರೂ ಹೇಳಲಾರರು. ಆಷಾಢದಲ್ಲಿ ಅಥಣಿಯ ಬಯಲಿನಲ್ಲಿ ನಡೆದವರಿಗೆ ಅದು ಗೊತ್ತು. ಮೋಡಗಳು ಸಹ್ಯಾದ್ರಿಯಲ್ಲಿಯೇ ಮಳೆಯನ್ನು ಸುರಿದು, ಬರಿಯ ಗಾಳಿಯಾಗಿ ಪೂರ್ವಕ್ಕೆ ಓಡುವವು. ಆದರೆ ಇಲ್ಲಿಯ ಮುಖ್ಯ ಧಾನ್ಯವಾದ ಹಿಂಗಾರಿ ಬಿಳಿಜೋಳವು ಕಣಕ್ಕೆ ಬರುವದು ಮಾಘ-ಫಾಲ್ಗುಣಗಳಲ್ಲಿ. ಆಗ ಗಾಳಿಯು ಎಷ್ಟು ಮಂದವೆಂದರೆ, ಹಂತಿ ಹೊಡೆದು ಮುಗಿಸಿದ ರೈತನು ಮೊರದಲ್ಲಿ ಕಾಳನ್ನು ಎತ್ತಿ ಹಿಡಿದು, ತೂರಲು ಗಾಳಿ ಬರುವದೇ ಎಂದು ದಿಕ್ಕು ನೋಡುತ್ತ ನಿಲ್ಲುವನು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯು ಹುಟ್ಟಿದ್ದು ಇಂಥ ಕಣದಲ್ಲಿಯೇ. ಸೀಸ್ತಾನದಲ್ಲಿ ಕೂಡಿಬಂದ ಎರಡು ಸಂಗತಿಗಳು ಇಲ್ಲಿ ಅಗಲಿದವು. ಗಾಳಿಯು ಈ ಒಕ್ಕಲಿಗನ ಕಾಳನ್ನು ಹಸನುಮಾಡಿತಲ್ಲದೆ ಹಿಟ್ಟುಮಾಡಲಿಲ್ಲ.

ನೀರಿನ ಮಾತೂ ಅಷ್ಟೇ. ಕೃಷ್ಣೆಯು ಈ ಬಯಲಿನಲ್ಲಿ ಇಳಿಜಾರಿಲ್ಲದೆ ಸಾವಕಾಶವಾಗಿ ಹರಿಯುವಳು. ಮಳೆಗಾಲದಲ್ಲಿ ದೂಧಗಂಗಾ, ವೇದಗಂಗಾದಿ ಉಪನದಿಗಳ ನೀರನ್ನು ಕೂಡಿಕೊಂಡು ದಂಡೆಯ ಎರೆಹೊಲಗಳನ್ನೆಲ್ಲ ಮುಳುಗಿಸುವಳು. ಬೇಸಿಗೆಯಲ್ಲಿ ಒಡಲು ಬತ್ತಿ ಮಡುವುಗಳಾಗಿ ಉಳಿಯುವಳು. ಗಿರಣಿಯ ಚಕ್ರಕ್ಕೆ ಬೇಕಾದ ನೇರ ಧುಮುಕು ಎಲ್ಲಿಯೂ ಇಲ್ಲ. ಈಗ ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದದಲ್ಲಿ ಬಾಬಾ ಶಾಹ ಮುಸಾಫಿರ ಎಂಬ ಸೂಫಿ ಸಂತರ ದರ್ಗೆಗೆ ಸೇರಿದ ಪನಚಕ್ಕಿಯುಂಟು. ಗುಡ್ಡದ ಬುಗ್ಗೆಯ ನೀರನ್ನು ನೆಲದೊಳಗಿನ ಮಣ್ಣಿನ ಕೊಳವೆಗಳಿಂದ ತಂದು ಎತ್ತರದಿಂದ ಧುಮುಕಿಸಿ, ಕಲ್ಲನ್ನು ತಿರುಗಿಸಿ, ದರ್ಗೆಗೆ ಬಂದ ಯಾತ್ರಿಕರಿಗೂ ಫಕೀರರಿಗೂ ಬೇಕಾದ ಹಿಟ್ಟನ್ನು ಬೀಸುತ್ತಿದ್ದರು. ಅನ್ನದಾನಕ್ಕಾಗಿ ಯಂತ್ರವನ್ನು ಹೂಡಿದ ಇಂಥ ಪುಣ್ಯಕಾರ್ಯವು ದಖ್ಖನದಲ್ಲಿ ವಿರಳ. ಗುಡ್ಡವೂ ಬುಗ್ಗೆಯೂ ಇದ್ದಲ್ಲಿ ಅದು ಸಾಧ್ಯವಾಯಿತು.

ಕೌಶಲವಿಲ್ಲದ್ದರಿಂದ ಇಲ್ಲಿ ಗಿರಣಿ ಹುಟ್ಟಲಿಲ್ಲವೆಂದು ಹೇಳುವದು ತಪ್ಪಾದೀತು. ಎತ್ತು ತಿರುಗಿಸುವ ಎಣ್ಣೆಯ ಗಾಣವನ್ನು ಕಟ್ಟಬಲ್ಲ ಬಡಿಗನಿಗೆ ಹಿಟ್ಟಿನ ಗಾಣವು ಅಸಾಧ್ಯವೇನಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಗಾಣಗಳ ಮೇಲಿನ ತೆರಿಗೆಯೂ ದೇವರ ನಂದಾದೀವಿಗೆಗೆ ಗಾಣಕ್ಕಿಷ್ಟು ಎಣ್ಣೆಯೆಂದು ಬಿಟ್ಟ ದತ್ತಿಯೂ ಮೇಲಿಂದ ಮೇಲೆ ಬರುವವು. ಕುಸುಬಿಯನ್ನಾಗಲಿ ಎಳ್ಳನ್ನಾಗಲಿ ವರುಷಕ್ಕೆ ಕೆಲವು ಸಲ ಗಾಣಕ್ಕೆ ಹಾಕಿ ಎಣ್ಣೆಯನ್ನು ತುಂಬಿಟ್ಟುಕೊಳ್ಳಬಹುದು. ಜೋಳದ ಹಿಟ್ಟನ್ನು ಹಾಗೆ ಇಟ್ಟುಕೊಳ್ಳಲು ಬಾರದು. ಗೋದಿಯ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಎಸರನ್ನು ಹೊಯ್ದು ನಾದಿದಾಗ ಬರುವ ಅಲ್ಪ ಜಿಗಿಯೂ ಹಿಟ್ಟು ಹಳತಾದಂತೆ ಕಡಿಮೆಯಾಗುವದು. ತಟ್ಟುವಾಗ ರೊಟ್ಟಿಯ ಅಂಚು ಹರಿಯುವದು, ರುಚಿಯೂ ಕೆಡುವದು. ಆದ್ದರಿಂದ ಈ ಸೀಮೆಯ ಮನೆಗಳಲ್ಲಿ ಹಿಟ್ಟೆಂಬುದು ದಿನದ ಅಥವಾ ಎರಡು ಮೂರು ದಿನಗಳ ಸಾಮಗ್ರಿ. ಹೊತ್ತುಹೊತ್ತಿಗೆ ಬೇಕಾದ ಹಿಟ್ಟಿಗೆ ಊರಿಗೊಂದು ದೊಡ್ಡ ಗಿರಣಿಗಿಂತ ಮನೆಗೊಂದು ಸಣ್ಣ ಕಲ್ಲು ಅನುಕೂಲವೆಂದು ಹಿರಿಯರು ಕಂಡುಕೊಂಡಿರಬೇಕು. ಆ ಕಾಲದ ಇಂಗ್ಲಂಡದಲ್ಲಿದ್ದಂತೆ ಧಣಿಯ ಗಿರಣಿಗೇ ಬರಬೇಕೆಂಬ ಬಲಾತ್ಕಾರವು ಇಲ್ಲಿ ಬೆಳೆಯದೆ ಹೋದದ್ದು ಇದರಿಂದಾದ ಒಂದು ಲಾಭ. ಬೀಸುವ ಕಲ್ಲು ಅಡಿಗೆಮನೆಯ ಮಗ್ಗುಲಲ್ಲಿ ಮನೆಯವರದಾಗಿಯೇ ಉಳಿಯಿತು.

ಲಾಭವು ಮನೆಯದು, ಶ್ರಮವು ಮಾತ್ರ ಮನೆಯವರೆಲ್ಲರದಾಗಿರಲಿಲ್ಲ.

ಬೀಸುವ ಕಲ್ಲಿನ ವಂಶಾವಳಿಯು ಬಹು ಪ್ರಾಚೀನವಾದುದು. ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಬಂಡೆಯ ಮೇಲೆ ಕಾಳನ್ನಿಟ್ಟು ಗುಂಡಿನಿಂದ ಉಜ್ಜಿ ಅರೆದ ತಗ್ಗುಗಳು ಈಗಲೂ ಕಾಣುತ್ತವೆ. ಒಂದರ ಮೇಲೊಂದು ತಿರುಗುವ ದುಂಡುಗಲ್ಲುಗಳ ಜೋಡಿಯು ದಖ್ಖನದಲ್ಲಿ ರೂಢಿಗೆ ಬಂದದ್ದು ಬಹಳ ಈಚೆಗೆ. ಸಾತವಾಹನರ ಕಾಲದ ಊರುಗಳ ಅವಶೇಷಗಳಲ್ಲಿ ಅದು ದೊರೆಯುತ್ತದೆ. ಅಂದಿನಿಂದ ಅದರ ರೂಪವು ಹೆಚ್ಚು ಬದಲಾಗಲಿಲ್ಲ. ಕೆಳಗಿನ ಕಲ್ಲು ನೆಲಕ್ಕೆ ಊರಿರುವದು. ಅದರ ನಡುವೆ ಒಂದು ಗೂಟ. ಮೇಲಿನ ಕಲ್ಲಿಗೆ ನಟ್ಟನಡುವೆ ಬಾಯಿ, ಅಂಚಿನಲ್ಲಿ ಹಿಡಿಗೂಟ. ಒಂದು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯಿಂದ ಹಿಡಿಹಿಡಿಯಾಗಿ ಕಾಳನ್ನು ಬಾಯಿಗೆ ಬಿಡಬೇಕು. ಹೆಚ್ಚು ಬಿಟ್ಟರೆ ಹಿಟ್ಟು ನುಚ್ಚಾಗುವದು. ಕಡಿಮೆ ಬಿಟ್ಟರೆ ಕಲ್ಲಿಗೆ ಕಲ್ಲು ಉಜ್ಜಿ ಹಿಟ್ಟಿನಲ್ಲಿ ಹರಳು ಬೀಳುವದು. ಕಲ್ಲಿನ ಮೈ ನುಣುಪಾದಾಗ ಕಲ್ಲುಕುಟಿಗರು ಬಂದು ಉಳಿಯಿಂದ ಕಟೆದು ಮತ್ತೆ ಒರಟುಮಾಡಿ ಹೋಗುವರು. ಕೃಷ್ಣಾತೀರದ ನೆಲದ ಕೆಳಗೆಲ್ಲ ಕರಿಕಲ್ಲೇ ಇರುವದರಿಂದ ಕಲ್ಲಿಗೆ ಬರವಿರಲಿಲ್ಲ.

ಕೋಳಿ ಕೂಗುವ ಮೊದಲೇ ಎದ್ದು ಸೊಸೆಯಂದಿರು ಕಲ್ಲಿಗೆ ಕೂಡುವರು. ಕೂಡುಕುಟುಂಬದಲ್ಲಿ ಹತ್ತಿಪ್ಪತ್ತು ಜನರ ಹಿಟ್ಟು ಬೆಳಗಾಗುವದರೊಳಗೆ ಆಗಬೇಕು. ಇಬ್ಬರು ಎದುರುಬದುರಾಗಿ ಕುಳಿತು ಒಂದೇ ಗೂಟಕ್ಕೆ ಕೈಹಚ್ಚಿದರೆ ಭಾರವು ಸ್ವಲ್ಪ ಹಗುರ. ಗಂಡನನ್ನು ಕಳೆದುಕೊಂಡ ಬಡ ಹೆಂಗಸರು ಕೂಲಿಗೆ ಬೀಸಿ ಹೊಟ್ಟೆ ಹೊರೆದರು. ಬ್ರಿಟಿಷರ ಸೆರೆಮನೆಗಳಲ್ಲಿ ಸಶ್ರಮ ಶಿಕ್ಷೆಯೆಂದರೆ ಹಲವರಿಗೆ ಬೀಸುವ ಕಲ್ಲೇ ಆಗಿದ್ದಿತು; ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಗೆ ಹೋದವರು ಕೈ ಬೊಬ್ಬೆಯೆದ್ದ ಆ ಅನುಭವವನ್ನು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಸರಕಾರವು ಅಪರಾಧಿಗೆ ವಿಧಿಸಿದ ಶಿಕ್ಷೆಯೂ ಮನೆಯ ಹೆಣ್ಣುಮಗಳ ನಿತ್ಯದ ಪ್ರಾತಃಕಾಲವೂ ಒಂದೇ ಆಗಿದ್ದವೆಂಬುದನ್ನು ಆ ಕಾಲದಲ್ಲಿ ಗಮನಿಸಿದವರು ವಿರಳ.

ಆ ಕಲ್ಲಿನ ಮುಂದೆಯೇ ಹುಟ್ಟಿದ್ದು ತ್ರಿಪದಿಯ ಹಾಡು. ಕಲ್ಲು ಒಂದು ಸುತ್ತು ತಿರುಗಲು ಬೇಕಾಗುವ ಸಮಯಕ್ಕೂ ಹಾಡಿನ ನಡೆಗೂ ಇರುವ ಹೊಂದಿಕೆಯನ್ನು ಕೇಳಿಯೇ ತಿಳಿಯಬೇಕು. ದೇವರನ್ನೂ ಕಲ್ಲನ್ನೂ ನೆನೆದು ಹಾಡು ಮೊದಲಾಗುವದು; ಅನಂತರ ತವರು, ತಾಯಿ, ಅಣ್ಣತಮ್ಮಂದಿರು, ತೊಟ್ಟಿಲ ಕೂಸು. ಅತ್ತೆಯ ಮುಂದೆ ಆಡಲಾಗದ ಮಾತು ಕಲ್ಲಿನ ಸದ್ದಿನ ಮರೆಯಲ್ಲಿ ಹೊರಬರುವದು. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಇಂಥ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪ್ರಕಟಿಸಿದರು. ಕನ್ನಡದ ಪಂಡಿತರು ಜನಪದದ ಕಾವ್ಯವನ್ನು ಆದರದಿಂದ ನೋಡಲು ಕಲಿತದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಮರಾಠಿಯಲ್ಲಿ ಇದೇ ಕಲ್ಲಿನ ಹಾಡಿಗೆ ಓವಿಯೆಂದು ಹೆಸರು. ಪುಣೆಯಲ್ಲಿ ಹೇಮಾ ರಾಯಿರಕರ ಮತ್ತು ಫ್ರೆಂಚ್ ದೇಶದಿಂದ ಬಂದು ನೆಲೆಸಿದ ಗೀ ಪ್ವಾತವ್ಯಾಂ ಅವರು ತಮ್ಮ ಸಂಗಡಿಗರೊಡನೆ ಲಕ್ಷಕ್ಕೂ ಮಿಕ್ಕಿ ಓವಿಗಳನ್ನು ಸಂಗ್ರಹಿಸಿದ್ದಾರೆ. ನಿಪ್ಪಾಣಿ, ಕಾಗವಾಡಗಳಂಥ ಗಡಿಯ ಊರುಗಳಲ್ಲಿ ತವರಿನದೊಂದು ಭಾಷೆ, ಗಂಡನ ಮನೆಯದೊಂದು ಭಾಷೆಯಾಗಿರುವದು ಸಾಮಾನ್ಯ. ಭಾಷೆ ಯಾವುದಾದರೂ ಕಲ್ಲಿನ ಮುಂದಿನ ಅಳಲು ಒಂದೇ.

ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ಭಕ್ತಾದಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆದರೆ ಕಾಳಿಗೆ ಸಂಬಂಧಪಟ್ಟ ಕಾಯಕಗಳವರು ಅಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನೆನೆಯಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು ಮಾರಯ್ಯ-ಲಕ್ಕಮ್ಮ ದಂಪತಿಗಳು. ಅಗತ್ಯಕ್ಕಿಂತ ಹೆಚ್ಚು ತಂದ ಗಂಡನನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಕಥೆಯು ಸರ್ವರಿಗೂ ತಿಳಿದದ್ದು. ಗಾಣದ ಕಣ್ಣಪ್ಪನಿಗೆ ಎಣ್ಣೆಯ ಗಾಣ. ಕೊಟ್ಟಣದ ಸೋಮಮ್ಮನಿಗೆ ಪರರ ಮನೆಯ ಭತ್ತವನ್ನು ಕುಟ್ಟುವ ಕೂಲಿ. ಕೂಲಿಗೆ ಕುಟ್ಟುವ ಹೆಂಗಸೊಬ್ಬಳು ತನ್ನ ಅಂಕಿತದಲ್ಲಿ ವಚನ ಹೇಳಿದ್ದನ್ನೂ, ಅದನ್ನು ಉಳಿದವರು ಶರಣರ ವಾಣಿಯೆಂದು ಕಾಯ್ದಿಟ್ಟದ್ದನ್ನೂ ಆ ಶತಮಾನದ ಬೇರೆ ದೇಶಗಳ ಇತಿಹಾಸದಲ್ಲಿ ಹುಡುಕುವದು ಕಷ್ಟ. ಹರ್ಬರ್ಟನ ಗಿರಣಿಯನ್ನು ಕೀಳಿಸಿದ ಸ್ಯಾಮ್ಸನನು ಸೋಮಮ್ಮನಿಗೆ ಹೆಚ್ಚುಕಡಿಮೆ ಸಮಕಾಲೀನನೆಂಬುದನ್ನು ನೆನೆದರೆ ಈ ಮಾತಿನ ತೂಕ ತಿಳಿದೀತು.

ಹಾಗೆಂದು ಮಠಗಳ ಅಡಿಗೆಮನೆಯ ಋಣವು ತೀರಿತೆಂದಲ್ಲ. ಅಥಣಿಯ ಗಚ್ಚಿನಮಠದಲ್ಲಿ ಶ್ರೀ ಮುರುಘೇಂದ್ರ ಶಿವಯೋಗಿಗಳು (1836–1921) ಇದ್ದ ಕಾಲದಲ್ಲಿ ಈ ಭಾಗದ ಹಳ್ಳಿಗಳಲ್ಲಿ ರೊಟ್ಟಿಯ ಹಿಟ್ಟೆಂದರೆ ಕೈಯಿಂದ ಬೀಸಿದ್ದೇ. ಜಾತ್ರೆ, ಆರಾಧನೆಗಳು ಬಂದಾಗ ಭಕ್ತರು ಕಾಳು ಕೊಡುವರು. ಆ ಕಾಳು ಓಣಿಓಣಿಯ ಮನೆಗಳಿಗೆ ಹಂಚಿಹೋಗಿ ಹಿಟ್ಟಾಗಿ, ರೊಟ್ಟಿಯಾಗಿ ಬುಟ್ಟಿಗಳಲ್ಲಿ ತಿರುಗಿ ಬರುವದು. ಇಂಗ್ಲಂಡದ ಮಠವು ಕಲ್ಲನ್ನು ಕಸಿದುಕೊಂಡಿತು. ಇಲ್ಲಿಯ ಮಠಕ್ಕೆ ಕಲ್ಲುಗಳೇ ನಡೆದು ಬಂದವು. ಭೇದವು ದೊಡ್ಡದು. ಆದರೂ ಕಾಳು ಕೊಟ್ಟವರ ಹೆಸರು ವಹಿಯಲ್ಲಿ ಬರೆದಿರುವದುಂಟು; ಬೀಸಿದವರ ಹೆಸರು ವಹಿಯಲ್ಲಿ ಇಲ್ಲ. ದಾಸೋಹದ ಇತಿಹಾಸವನ್ನು ಬರೆಯುವವರು ಈ ಕೊರತೆಯನ್ನು ಮುಚ್ಚಿಡಬಾರದು.

ಯಂತ್ರದ ಬಲವು ಈ ಜಿಲ್ಲೆಯಲ್ಲಿ ಮೊದಲು ತಲೆಯೆತ್ತಿದ್ದು ಹಿಟ್ಟಿಗಾಗಿ ಅಲ್ಲ, ನೂಲಿಗಾಗಿ. 1885ರಲ್ಲಿ ಸ್ಥಾಪಿತವಾದ ಗೋಕಾಕದ ಗಿರಣಿಯು ಘಟಪ್ರಭೆಯ ಸುಮಾರು 170 ಫೂಟಿನ ಧುಮುಕಿನ ಬಲವನ್ನು ಹಿಡಿದು 1887ರಿಂದ ಹತ್ತಿಯ ನೂಲನ್ನು ತೆಗೆಯತೊಡಗಿತು. ಅದೇ ದಶಕದ ಕೊನೆಯ ಸುಮಾರಿಗೆ ದಕ್ಷಿಣ ಮರಾಠಾ ರೇಲ್ವೆಯು ಮಿರಜದಿಂದ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡಗಳ ಮೇಲೆ ಹಾಯ್ದು ಬೆಳಗಾವಿಯ ಕಡೆಗೆ ಸಾಗಿತು. ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸಾಯಕಲ್ ಅಂಗಡಿಯಿಂದ ಮೊದಲುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸಿ, 1910ರಲ್ಲಿ ಔಂಧ ಸಂಸ್ಥಾನದ ಕುಂಡಲದ ಬಳಿಗೆ ಹೋಗಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದವರು 1946ರಲ್ಲಿ ಪುಣೆಯ ಖಡಕಿಯಲ್ಲಿ ಡೀಝೆಲ್ ಇಂಜಿನಗಳ ಕಾರಖಾನೆಯನ್ನು ಸ್ಥಾಪಿಸಿದರು. ಬಾವಿಯ ಮೇಲೆ ನೀರೆತ್ತುವ ಇಂಜಿನವನ್ನೇ ಪಟ್ಟಾ ಹಾಕಿ ಕಲ್ಲಿಗೆ ಜೋಡಿಸಿದರೆ ಗಿರಣಿಯಾಯಿತು. ಹೀಗೆ ಮೊದಲು ಪೇಟೆಯ ಊರುಗಳಲ್ಲಿ, ಅನಂತರ ದೊಡ್ಡ ಹಳ್ಳಿಗಳಲ್ಲಿ, ವಿದ್ಯುತ್ತು ಬಂದ ಬಳಿಕ ಸಣ್ಣ ಹಳ್ಳಿಗಳಲ್ಲಿಯೂ ಗಿರಣಿಯ ಸದ್ದು ಕೇಳಿಬಂದಿತು.

ಈ ಬದಲಾವಣೆಯು ಎಲ್ಲರಿಗೂ ಸಮ್ಮತವಾಗಿರಲಿಲ್ಲ. ಮಹಾತ್ಮಾ ಗಾಂಧಿಯವರು 1934ರಲ್ಲಿ ವರ್ಧೆಯಲ್ಲಿ ಸ್ಥಾಪಿಸಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಕೈಯಿಂದ ಕುಟ್ಟಿದ ಅಕ್ಕಿಯನ್ನೂ ಕೈಯಿಂದ ಬೀಸಿದ ಹಿಟ್ಟನ್ನೂ ಎತ್ತಿಹಿಡಿಯಿತು. ಯಂತ್ರದ ಹಿಟ್ಟಿನಲ್ಲಿ ಸತ್ವವು ಕುಂದುವದು, ಹಳ್ಳಿಯ ದುಡ್ಡು ಹೊರಗೆ ಹೋಗುವದು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆನ್ನಲಾಗದು, ವೇಗದಿಂದ ತಿರುಗುವ ಕಲ್ಲಿನಲ್ಲಿ ಹಿಟ್ಟು ಕಾಯುವದು ಎಲ್ಲರ ಅನುಭವದ ಮಾತು. ಕೂಲಿಗೆ ಬೀಸುವ ಬಡವಿಯು ಗಿರಣಿಯಿಂದ ಇದ್ದ ಅನ್ನವನ್ನು ಕಳೆದುಕೊಂಡಳೆಂಬುದೂ ಸತ್ಯವೇ. ಆದರೆ ಕಲ್ಲಿನ ಮುಂದೆ ಕೂಡಬೇಕಾದವರು ತಮ್ಮ ತೀರ್ಪನ್ನು ಬೇಗನೆ ಕೊಟ್ಟರು. ಗಿರಣಿ ಬಂದ ಊರಿನಲ್ಲಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಸಾಲು ಹಿಡಿದ ಹೆಂಗಸರನ್ನು ಯಾರ ಉಪದೇಶವೂ ತಿರುಗಿಸಲಿಲ್ಲ. ಗಿರಣಿಯಿಂದ ಹಾಡು ಹಾಳಾಯಿತೆಂದು ಹಲುಬಿದವರಲ್ಲಿ ಗೂಟ ಹಿಡಿದು ಬೀಸಿದವರು ಎಷ್ಟು ಮಂದಿಯೆಂದು ಕೇಳಬಹುದು. ಹಾಡು ಅಮೂಲ್ಯವಾದುದು ನಿಜ. ಅದನ್ನು ಉಳಿಸಿಕೊಳ್ಳಲು ಹಲಸಂಗಿಯ ಗೆಳೆಯರು ಪುಸ್ತಕವನ್ನು ಮಾಡಿದರೇ ಹೊರತು ಹೆಂಗಸರನ್ನು ಕಲ್ಲಿಗೆ ಕಟ್ಟಿಹಾಕಬೇಕೆಂದು ಹೇಳಲಿಲ್ಲ.

ಗಾಳಿಯನ್ನು ಮಾತ್ರ ಈ ನಾಡು ಬಹುಕಾಲ ಬಿಟ್ಟೇ ಇದ್ದಿತು. 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ನೀರೆತ್ತುವ ಗಾಳಿಯಂತ್ರವೊಂದನ್ನು ರೂಪಿಸಿ ಹಲವೆಡೆ ನಿಲ್ಲಿಸಿ ನೋಡಿದರು. ಡೀಝೆಲ್ ಇಂಜಿನ, ವಿದ್ಯುತ್ ಪಂಪುಗಳ ಮುಂದೆ ಅದು ಬಾಳಲಿಲ್ಲ. ಈಚಿನ ದಶಕಗಳಲ್ಲಿ ಗದಗಿನ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿ ಮೊದಲಾದ ಎತ್ತರಗಳ ಮೇಲೆ ಮೂರು ರೆಕ್ಕೆಯ ಮಹಾಯಂತ್ರಗಳು ಸಾಲುಗಟ್ಟಿ ನಿಂತು, ಆಷಾಢದ ಅದೇ ಗಾಳಿಯಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿವೆ. ಆ ವಿದ್ಯುತ್ತು ನಾಡಿನ ತಂತಿಗಳಲ್ಲಿ ನೀರಿನ, ಕಲ್ಲಿದ್ದಲಿನ, ಬಿಸಿಲಿನ ವಿದ್ಯುತ್ತಿನೊಡನೆ ಬೆರೆತು ಊರೂರಿಗೆ ಹರಿಯುವದು. ಕಾಗವಾಡದ ಹಿಟ್ಟಿನ ಗಿರಣಿಯ ಕಲ್ಲು ತಿರುಗುವಾಗ ಅದರ ಬಲದಲ್ಲಿ ಗಾಳಿಯ ಪಾಲೂ ಸೇರಿರುವದು. ಎಷ್ಟು ಪಾಲೆಂದು ಗಿರಣಿಯವನೂ ಹೇಳಲಾರ, ಬುಟ್ಟಿ ತಂದವಳೂ ಕೇಳಳು.

ಹಳೆಯ ಕಲ್ಲುಗಳಲ್ಲಿ ಬಹಳಷ್ಟು ಈಗ ಹಿತ್ತಿಲಲ್ಲಿ ಬಟ್ಟೆ ಒಗೆಯಲಿಕ್ಕೆ, ದನದ ಗೂಟಕ್ಕೆ ಆಧಾರವಾಗಿ, ಬಚ್ಚಲಿನ ಮೆಟ್ಟಿಲಾಗಿ ಬಿದ್ದಿವೆ. ಆದರೆ ಮದುವೆಯ ಮನೆಯಲ್ಲಿ ಮಾತ್ರ ಒಂದು ಕಲ್ಲನ್ನು ಹುಡುಕಿ ತಂದು, ತೊಳೆದು, ವಿಭೂತಿ ಕುಂಕುಮಗಳನ್ನು ಹಚ್ಚಿ, ಮುತ್ತೈದೆಯರು ಸುತ್ತಲೂ ಕುಳಿತು ಅರಿಷಿಣವನ್ನು ಬೀಸುವ ಪದ್ಧತಿಯು ಹಲವು ಮನೆತನಗಳಲ್ಲಿ ನಡೆದುಬಂದಿದೆ. ಆಗ ವಯಸ್ಸಾದ ಹೆಂಗಸು ಇದ್ದರೆ ಒಂದೆರಡು ನುಡಿ ಹಾಡುವಳು. ಉಳಿದವರು ಗೂಟಕ್ಕೆ ಕೈ ಮುಟ್ಟಿಸಿ ಏಳುವರು.